ನಮ್ಮ ಪ್ರೋಗ್ರೆಸಿವ್ ರಾಕ್ ಬ್ಯಾಂಡಿನ ಎರಡನೇ ಆಲ್ಬಮ್ ಮೊದಲನೆಯದರ ಥರಾನೇ ಇರಬೇಕಾ, ಬೇರೆ ದಾರಿ ಹಿಡಿಯಬೇಕಾ?

ಉದ್ದುದ್ದ ಹಾಡುಗಳನ್ನೇ ಮುಂದುವರಿಸಬೇಕಾ, ಚಿಕ್ಕ ಹಾಡುಗಳಿಗೆ ಹೊರಳಬೇಕಾ ಅನ್ನೋದು ನಿಮ್ಮ ತಲೆನೋವು. ನನಗೆ ಎದೆ ಧಸಕ್ ಅಂದಿದ್ದು ನಿಮ್ಮ ಪ್ರಶ್ನೆಯ ಕೊನೆಯ ಸಾಲು ನೋಡಿ: "ಡೆಮೊಗಳೆಲ್ಲ ಕಂಪ್ಯೂಟರಿನಲ್ಲಿ ರೆಡಿ ಇವೆ, ಮುಂದಿನ ತಿಂಗಳು ಡ್ರಮ್ಸ್ ರೆಕಾರ್ಡಿಂಗ್." ಏಳು ವರ್ಷದ ಹಿಂದೆ ನಮ್ಮ ಬ್ಯಾಂಡಿನ ಗ್ರೂಪಿಗೆ ಹೆಚ್ಚುಕಮ್ಮಿ ಇದೇ ಮಾತು ಕಳಿಸಿದವನು ನಾನು. ಬಹಳ ಹೆಮ್ಮೆಯಿಂದ ಕಳಿಸಿದ್ದೆ.

ನಾನು ಕೀಬೋರ್ಡ್ ನುಡಿಸುವವನು. ಐದು ಜನರ ಬ್ಯಾಂಡು. ಮೊದಲ ಆಲ್ಬಮ್ಮಿನ ಆರು ಹಾಡುಗಳನ್ನು ರೆಕಾರ್ಡ್ ಮಾಡೋ ಮುಂಚೆ ಮೂರು ವರ್ಷ ಸ್ಟೇಜಿನ ಮೇಲೆ ನುಡಿಸಿದ್ದೆವು. ಯಾವ ಜಾಗದಲ್ಲಿ ಜನ ಮಾತು ನಿಲ್ಲಿಸಿ ತಲೆಯೆತ್ತುತ್ತಾರೆ, ಯಾವ ಜಾಗದಲ್ಲಿ ಮೊಬೈಲ್ ತೆಗೆಯುತ್ತಾರೆ, ಎಲ್ಲ ಗೊತ್ತಿತ್ತು. ಮೊಬೈಲ್ ತೆಗೆದ ಜಾಗಗಳನ್ನು ಸದ್ದಿಲ್ಲದೆ ಕತ್ತರಿಸಿಬಿಟ್ಟಿದ್ದೆವು. ರೆಕಾರ್ಡಿಂಗಿಗೆ ಹೋದಾಗ ಹಾಡುಗಳು ಹಳೇ ಚಪ್ಪಲಿಯ ಹಾಗೆ ಕಾಲಿಗೆ ಕೂತಿದ್ದವು. ಕೇಳಿದವರು ಮೆಚ್ಚಿಕೊಂಡರು. ಅದು ನಮ್ಮ ಜಾಣತನ ಅಂದುಕೊಂಡೆವು. ಮೂರು ವರ್ಷದ ಸವೆತ ಅಂತ ಆಗ ಹೊಳೆಯಲಿಲ್ಲ.

ಎರಡನೆಯದಕ್ಕೆ ಬಂದಾಗ ನನ್ನ ತಲೆಗೆ ಒಂದು ಹುಳ ಹೊಕ್ಕಿತ್ತು. ಎಲ್‌ಪಿಯ (ಗ್ರಾಮೊಫೋನ್ ತಟ್ಟೆಯ) ಒಂದು ಬದಿ ಪೂರ್ತಿ ಒಂದೇ ರಚನೆ ಇರಬೇಕು. ಎಮರ್ಸನ್, ಲೇಕ್ ಅಂಡ್ ಪಾಮರ್ ಅನ್ನೋ, ಕೀಬೋರ್ಡೇ ಮುಂದಿದ್ದ ಬ್ರಿಟಿಷ್ ಬ್ಯಾಂಡಿನವರು ತಮ್ಮ ಎರಡನೇ ಆಲ್ಬಮ್ 'ಟಾರ್ಕಸ್'ನಲ್ಲಿ (1971) ಮಾಡಿದ್ದು ಅದನ್ನೇ. ಮೊದಲ ಬದಿಗೆ 20 ನಿಮಿಷ ದಾಟುವ ಒಂದೇ ಸ್ವೀಟ್ (ಹಲವು ಭಾಗಗಳನ್ನು ಪೋಣಿಸಿದ ಒಂದು ಉದ್ದ ರಚನೆ), ಆಲ್ಬಮ್ ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಕೀಬೋರ್ಡ್ ನುಡಿಸುವವನಿಗೆ ಇನ್ನೇನು ಬೇಕು ಹೇಳಿ! ಎಂಟು ತಿಂಗಳು ಮನೆಯಲ್ಲಿ ಕೂತು ಏಳು ಭಾಗಗಳ ಸ್ವೀಟ್ ಬರೆದೆ. ಡ್ರಮ್ಸ್, ಬೇಸ್, ತಂತಿವಾದ್ಯ ಎಲ್ಲ ಕಂಪ್ಯೂಟರಿನಲ್ಲೇ. ಉಳಿದ ನಾಲ್ವರು ಅದನ್ನು ಕೇಳಿದ್ದು ಎಂಪಿ3 ಫೈಲಾಗಿ.

ಈಗ ತಪ್ಪಿಗೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ಇದನ್ನು ಯಾರಿಗಾದರೂ ಬಿಡಿಸಿ ಹೇಳಬೇಕು ಅಂತ ಏಳು ವರ್ಷದಿಂದ ಕಾಯ್ತಾ ಇದ್ದೀನಿ.

ಎಲ್‌ಪಿಯ ಒಂದು ಬದಿಯಲ್ಲಿ 18ರಿಂದ 22 ನಿಮಿಷ ಆರಾಮಾಗಿ ಕೂರುತ್ತೆ. ಅದಕ್ಕಿಂತ ಹೆಚ್ಚಾದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಒತ್ತೊತ್ತಾಗಿ ಕೊರೆಯಬೇಕು ಅಂದರೆ ಶಬ್ದದ ಮಟ್ಟ ಇಳಿಸಬೇಕು. ಕೊರೆಯುವವರು 23 ನಿಮಿಷ ದಾಟಬೇಡಿ ಅಂತ ಖಡಾಖಂಡಿತ ಹೇಳಿದ್ದರು. ನಾವು ಅಭ್ಯಾಸದಲ್ಲಿ ಸ್ವೀಟನ್ನು ಮೊದಲಿಂದ ಕೊನೆವರೆಗೆ ನುಡಿಸಿದ್ದು ನಾಲ್ಕೇ ಸಲ. ನಾಲ್ಕೂ ಸಲ 24 ನಿಮಿಷದ ಆಸುಪಾಸು ಬಂತು. ಒಂದು ನಿಮಿಷ ಜಾಸ್ತಿ. ಏನಾದರೂ ತೆಗೆಯಬೇಕಿತ್ತು. ತೆಗೆಯಬಹುದಾದದ್ದು ಐದನೇ ಭಾಗದ ಕೊನೆಯಲ್ಲಿದ್ದ ಕೀಬೋರ್ಡ್ ಸೋಲೊ. ಎರಡು ನಿಮಿಷ ಹತ್ತು ಸೆಕೆಂಡ್. ನನ್ನದು.

ನಾನು ಅದನ್ನು ತೆಗೆಯಲಿಲ್ಲ. ಬದಲಿಗೆ ಟೆಂಪೊ ಮ್ಯಾಪ್ (ಎಲ್ಲೆಲ್ಲಿ ಎಷ್ಟು ವೇಗ ಅಂತ ಕಂಪ್ಯೂಟರಿನಲ್ಲಿ ಬರೆದಿಡುವ ಪಟ್ಟಿ) ತೆರೆದು ಏಳೂ ಭಾಗಗಳ ವೇಗವನ್ನು ನೂರಕ್ಕೆ ಐದಾರರಷ್ಟು ಏರಿಸಿದೆ. ನಿಮಿಷಕ್ಕೆ 125 ಬೀಟ್ ಇದ್ದದ್ದು 132 ಆಯಿತು. ಒಟ್ಟು 22 ನಿಮಿಷ 40 ಸೆಕೆಂಡ್. ಲೆಕ್ಕ ಪಕ್ಕಾ. ಕಂಪ್ಯೂಟರಿನಲ್ಲಿ ಕೇಳಿದರೆ ಏನೂ ವ್ಯತ್ಯಾಸ ಇಲ್ಲ, ಇನ್ನೂ ಚುರುಕಾಗಿದೆ ಅನಿಸಿತು. ಕಂಪ್ಯೂಟರಿನ ಡ್ರಮ್ಮರಿಗೆ ಕೈ ಸೋಲುವುದಿಲ್ಲವಲ್ಲ.

ಐದನೇ ಭಾಗ ಏಳೆಣಿಕೆಯದು. ಮೂರು ನಾಲ್ಕು ಅಂತ ಒಡೆದು, ತಕಿಟ ತಕಧಿಮಿ ಅಂತ ಎಣಿಸುವ ಏಳು. ಏಳೂ ಅರ್ಧರ್ಧ ಬೀಟಿನ ಎಣಿಕೆಗಳು, ಅಂದರೆ ಒಂದು ಆವರ್ತಕ್ಕೆ ಮೂರೂವರೆ ಬೀಟ್. 125ರಲ್ಲಿ ಆ ಆವರ್ತಕ್ಕೆ 1.68 ಸೆಕೆಂಡ್ ಬೇಕು, 132ರಲ್ಲಿ 1.59. ಸೆಕೆಂಡಿನ ಹತ್ತನೇ ಒಂದು ಭಾಗವೂ ಇಲ್ಲ. ಇಷ್ಟಕ್ಕೆ ಯಾರಾದರೂ ಜಗಳ ಆಡ್ತಾರಾ? ನಮ್ಮ ಡ್ರಮ್ಮರ್ ಆಡಿದ. "ಇದು ಓಡ್ತಾ ಇದೆ ಕಣೋ, ನಡೀತಾ ಇಲ್ಲ" ಅಂದ. ನಾನು ಕ್ಲಿಕ್ (ಲಯ ತಪ್ಪದಿರಲು ಕಿವಿಯಲ್ಲಿ ಬಡಿಯುವ ಟಿಕ್ ಟಿಕ್ ಶಬ್ದ) ಹಾಕಿಕೊಂಡು ಎರಡು ವಾರ ಅಭ್ಯಾಸ ಮಾಡು, ಸರಿಹೋಗುತ್ತೆ ಅಂದೆ. ಕಾಲೇಜಿನಿಂದ ಜೊತೆಗಿದ್ದವನಿಗೆ, ನನಗಿಂತ ನೂರು ಪಾಲು ಲಯ ಗೊತ್ತಿದ್ದವನಿಗೆ, ಹಾಗಂದೆ.

ಅವನು ಅಭ್ಯಾಸ ಮಾಡಿದ. ಎರಡು ದಿನದಲ್ಲಿ ಡ್ರಮ್ಸ್ ಮುಗಿಯಿತು, ಒಂದು ಪೆಟ್ಟೂ ಆಚೀಚೆ ಇಲ್ಲ. ಅದರ ಮೇಲೆ ಬೇಸ್, ಗಿಟಾರ್, ನನ್ನ ಮೂವತ್ತೆಂಟು ಕೀಬೋರ್ಡ್ ಟ್ರ್ಯಾಕುಗಳು, ಹೊರಗಿಂದ ಕರೆಸಿದ ಚೆಲ್ಲೊ. ಆರು ವಾರದ ಮೇಲೆ, ಎಲ್ಲ ಆದಮೇಲೆ, ಗಾಯಕಿ ಹಾಡಲು ಬಂದಳು. ಡೆಮೊದಲ್ಲಿ ಅವಳ ಸಾಲುಗಳನ್ನು ನಾನು ಕೀಬೋರ್ಡಿನಲ್ಲಿ ನುಡಿಸಿಟ್ಟಿದ್ದೆ. ಕೀಬೋರ್ಡ್ ಉಸಿರಾಡುವುದಿಲ್ಲ.

ಐದನೇ ಭಾಗದಲ್ಲಿ ಹದಿನಾರು ಆವರ್ತದ ಒಂದೇ ಸಾಲು. ಪ್ರತಿ ನಾಲ್ಕು ಆವರ್ತಕ್ಕೆ ಒಂದು ಸಣ್ಣ ಸಂದು, ಅಲ್ಲಿ ಉಸಿರು ತಗೋಬೇಕು. 125ರಲ್ಲಿ ಆ ಸಂದು ಇತ್ತು. 132ರಲ್ಲಿ ವ್ಯಂಜನಗಳೇ ಅದನ್ನು ನುಂಗಿಬಿಟ್ಟಿದ್ದವು. ಮೊದಲ ಟೇಕ್ ಮುಗಿಸಿ ಹೆಡ್‌ಫೋನ್ ತೆಗೆದು ಅವಳು ಕೇಳಿದ್ದು ಒಂದೇ ಮಾತು: "ಉಸಿರು ಎಲ್ಲಿ ತಗೊಳ್ಳಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ತುಂಡು ತುಂಡಾಗಿ ಹಾಡಿಸಿ ಅಂಟಿಸಿದೆವು. ಆ ರೆಕಾರ್ಡಿಂಗಿನಲ್ಲಿ ಒಬ್ಬ ಮನುಷ್ಯಳು ಉಸಿರೇ ಬಿಡದೆ ಇಪ್ಪತ್ತೈದು ಸೆಕೆಂಡ್ ಹಾಡುತ್ತಾಳೆ. ಕೇಳುವವರಿಗೆ ಯಾಕೆ ಅಂತ ಗೊತ್ತಾಗಲ್ಲ, ಆದರೆ ಕೇಳ್ತಾ ಕೇಳ್ತಾ ಅವರದ್ದೇ ಎದೆ ಬಿಗಿಯುತ್ತೆ.

(ಇಲ್ಲೊಂದು ಅಡ್ಡಮಾತು. ಮೆಲೊಟ್ರಾನ್ ಅನ್ನೋ ಹಳೇ ಕೀಬೋರ್ಡಿನಲ್ಲಿ ಪ್ರತಿ ಕೀಲಿಯ ಕೆಳಗೂ ಶಬ್ದ ರೆಕಾರ್ಡ್ ಮಾಡಿಟ್ಟ ಒಂದು ಟೇಪ್ ತುಂಡು ಇರುತ್ತಿತ್ತು, ಸುಮಾರು ಎಂಟು ಸೆಕೆಂಡಿನದು. ಕೀಲಿ ಒತ್ತಿ ಹಿಡಿದರೆ ಎಂಟು ಸೆಕೆಂಡಿಗೆ ಶಬ್ದ ನಿಂತೇಹೋಗೋದು, ಬೆರಳು ಎತ್ತಲೇಬೇಕು. ಆ ಕಾಲದವರ ನುಡಿಸಾಣಿಕೆಯಲ್ಲಿ ಕಾಣುವ ಬಿಡುವು ಅರ್ಧ ಆ ಯಂತ್ರದ್ದೇ ಅಂತ ನನ್ನ ಗುಮಾನಿ. ನನ್ನ ಸಾಫ್ಟ್‌ವೇರ್ ಮೆಲೊಟ್ರಾನ್ ಬೆಳಗಿನ ತನಕ ಒತ್ತಿಹಿಡಿದರೂ ಮೊರೆಯುತ್ತಿರುತ್ತೆ. ಹಿಡಿದಿದ್ದೆ.)

ಆಮೇಲೆ ಸರಿಮಾಡಬಹುದಿತ್ತಲ್ಲ ಅಂತೀರಾ? ನೋಡಿದೆವು. ಎಲ್ಲ ಟ್ರ್ಯಾಕುಗಳನ್ನೂ ಕಂಪ್ಯೂಟರಿನಲ್ಲಿ ಎಳೆದು ನಿಧಾನ ಮಾಡಿದರೆ ಡ್ರಮ್ಸಿನ ಸಿಂಬಲ್ ಶಬ್ದ ನೀರಲ್ಲಿ ಕಲಸಿದ ಬಣ್ಣದ ಹಾಗೆ ಹರಡಿಕೊಳ್ತಿತ್ತು, ಚೆಲ್ಲೊ ಯಾರೋ ಹಿಂದಿನಿಂದ ಜಗ್ಗಿದ ಹಾಗೆ ಕೇಳ್ತಿತ್ತು. ಹೊಸದಾಗಿ ರೆಕಾರ್ಡ್ ಮಾಡಲು ದುಡ್ಡಿರಲಿಲ್ಲ. ಇಷ್ಟಾದರೂ ಸೋಲೊ ತೆಗೆಯೋಣ ಅಂತ ಯಾರೂ ನನ್ನ ಮುಖ ನೋಡಿ ಹೇಳಲಿಲ್ಲ. ನಾನಂತೂ ಹೇಳಲಿಲ್ಲ.

ಆಲ್ಬಮ್ ಬಂತು. ಯಾರೂ ಬೈಯಲಿಲ್ಲ, ಅದೇ ತೊಂದರೆ. ಬರೆದ ಐದಾರು ಜನರಲ್ಲಿ ಹೆಚ್ಚಿನವರು 'ಅಚ್ಚುಕಟ್ಟು', 'ಕರಾರುವಾಕ್ಕು' ಅಂದರು. ಒಬ್ಬರು ಮಾತ್ರ ಮೊದಲ ಆಲ್ಬಮ್ಮಿನಲ್ಲಿ ಐದು ಜನ ಕೇಳಿಸ್ತಿದ್ದರು, ಇದರಲ್ಲಿ ಒಬ್ಬನೇ ಕೇಳಿಸ್ತಾನೆ ಅನ್ನುವ ಅರ್ಥದ ಮಾತು ಬರೆದರು. ಅದನ್ನು ಓದಿ ಒಂದು ವಾರ ಸಿಟ್ಟು ಮಾಡಿಕೊಂಡಿದ್ದೆ. ಮೊದಲ ಆಲ್ಬಮ್ಮನ್ನು ಸ್ನೇಹಿತರಿಗೆ ಕೇಳಿಸುತ್ತಿದ್ದ ಜನ ಇದನ್ನು ಒಂದು ಸಲ ಕೇಳಿ, ಚೆನ್ನಾಗಿದೆ ಅಂತ ಬರೆದು, ಹೋಗಿಬಿಟ್ಟರು. ಮೂರು ತಿಂಗಳಾದಮೇಲೆ ಡ್ರಮ್ಮರ್ ಬಿಟ್ಟ. ಜಗಳ ಇಲ್ಲ, ರಂಪ ಇಲ್ಲ, ನನಗೆ ಇಷ್ಟು ಸಾಕು ಅಂದ ಅಷ್ಟೆ.

ಎಲ್‌ಪಿ ಕಥೆ ಇನ್ನೂ ಮಜಾ ಇದೆ. ತಟ್ಟೆ ತಿರುಗುವ ವೇಗ ಒಂದೇ, ಆದರೆ ಒಳಗೆ ಹೋದ ಹಾಗೆ ಸುತ್ತು ಚಿಕ್ಕದಾಗುತ್ತೆ. ಹೊರಗಿನ ಗೆರೆಯಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಹರಿದರೆ, ಒಳಗಿನ ಕೊನೆಯಲ್ಲಿ 20ರ ಆಸುಪಾಸು. ಅಲ್ಲಿ ಜೋರು ಶಬ್ದ ಇಟ್ಟರೆ ಕರಕರ ಅನ್ನುತ್ತೆ. ನಮ್ಮ ಸ್ವೀಟಿನ ಅತಿ ಜೋರಾದ ಭಾಗ ಯಾವುದು? ಕೊನೆಯದು. 22 ನಿಮಿಷ 40 ಸೆಕೆಂಡಿಗೆ ಬದಿಯ ಅಂಚು ಮುಟ್ಟುವಂತೆ ಹಿಂಡಿ ಕೂರಿಸಿದ್ದು ಅಲ್ಲಿಗೆ ಬಂದು ಕರಕಲಾಯಿತು. ಯಾವ ತಟ್ಟೆಗೋಸ್ಕರ ಎಲ್ಲರನ್ನೂ ಓಡಿಸಿದೆನೋ ಆ ತಟ್ಟೆಯೂ ಕೈಕೊಟ್ಟಿತು.

ಸರಿ, ನಿಮ್ಮ ಪ್ರಶ್ನೆ. 'ಮೊದಲಿನ ಥರಾನಾ, ಬೇರೆ ಥರಾನಾ' ಅನ್ನೋದು ಬ್ಯಾಂಡಿನವರು ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆಯೇ ಅಲ್ಲ ಅಂತ ನನ್ನ ಪಕ್ಕಾ ಅಭಿಪ್ರಾಯ. ಕಿಂಗ್ ಕ್ರಿಮ್ಸನ್ ಬ್ಯಾಂಡಿನ ಎರಡನೇ ಆಲ್ಬಮ್ 'ಇನ್ ದ ವೇಕ್ ಆಫ್ ಪೊಸೈಡನ್' (1970) ಮೊದಲನೆಯದರ ಅಚ್ಚಿನಲ್ಲೇ ಇದೆ ಅಂತ ಆಗಲೂ ದೂರು ಇತ್ತು, ಈಗಲೂ ಇದೆ. ಆದರೂ ಬ್ರಿಟನ್ನಿನಲ್ಲಿ ಅದು ನಾಲ್ಕನೇ ಸ್ಥಾನಕ್ಕೆ ಹೋಯಿತು, ಮೊದಲನೆಯದು ಐದಕ್ಕೆ ನಿಂತಿತ್ತು. ಜೆಥ್ರೊ ಟಲ್ ಬ್ಯಾಂಡು ಬ್ಲೂಸ್ ಶೈಲಿ ಬಿಟ್ಟು ಪೂರ್ತಿ ಹೊರಳಿಕೊಂಡಿತು, ಬ್ಲೂಸೇ ಬೇಕು ಅಂತಿದ್ದ ಗಿಟಾರಿಸ್ಟ್ ಮಿಕ್ ಏಬ್ರಹಾಮ್ಸ್ ಹೊರನಡೆದ, ಎರಡನೇ ಆಲ್ಬಮ್ 'ಸ್ಟ್ಯಾಂಡ್ ಅಪ್' (1969) ಅಲ್ಲಿ ಮೊದಲ ಸ್ಥಾನಕ್ಕೇರಿತು. ಇವೆರಡನ್ನು ಎದುರೆದುರು ಇಟ್ಟುಕೊಂಡು ನೀವು ಯಾವ ದಾರಿ ಆರಿಸುತ್ತೀರಿ? ಜೆನೆಸಿಸ್ ಬ್ಯಾಂಡಿನವರು ತಮ್ಮ ಎರಡನೇ ಆಲ್ಬಮ್ 'ಟ್ರೆಸ್‌ಪಾಸ್'ಗೆ (1970) ಮುಂಚೆ ತಿಂಗಳುಗಟ್ಟಲೆ ಹಳ್ಳಿಯ ಒಂದು ಕಾಟೇಜಿನಲ್ಲಿ ಒಟ್ಟಿಗಿದ್ದು ಹಾಡು ಕಟ್ಟಿದರು. ಬಂದಾಗ ಅವರ ದೇಶ ಬ್ರಿಟನ್ನಿನ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ, ಬೆಲ್ಜಿಯಂನಲ್ಲಿ ಮೊದಲ ಸ್ಥಾನ! ಜನ ಏನಂತಾರೆ ಅಂತ ಮುಂಚೆಯೇ ಲೆಕ್ಕ ಹಾಕುವವರಿಗೆ ಬೆಲ್ಜಿಯಂ ಅಂತ ಉತ್ತರ ಕೊಡಬೇಕು ಅನಿಸುತ್ತೆ ನನಗೆ.

ನೀವು ನೋಡಬೇಕಾದ್ದು ಯೆಸ್ ಬ್ಯಾಂಡಿನ ಎರಡನೇ ಆಲ್ಬಮ್ 'ಟೈಮ್ ಅಂಡ್ ಎ ವರ್ಡ್' (1970). ಆರ್ಕೆಸ್ಟ್ರಾ ತಂದರು. ಗಿಟಾರ್ ನುಡಿಸಬೇಕಾದ ಎಷ್ಟೋ ಜಾಗದಲ್ಲಿ ಪಿಟೀಲು, ತುತ್ತೂರಿ ಕೂತವು. ಗಿಟಾರಿಸ್ಟ್ ಪೀಟರ್ ಬ್ಯಾಂಕ್ಸ್‌ಗೆ ಅದು ಹಿಡಿಸಲಿಲ್ಲ, ಆಲ್ಬಮ್ ಬರುವ ಮುಂಚೆಯೇ ಅವನನ್ನು ತೆಗೆದರು. ಅಮೆರಿಕದಲ್ಲಿ ಬಂದ ಮುದ್ರಣದ ಹೊದಿಕೆಯ ಮೇಲೆ ಇರುವುದು ಹೊಸಬ ಸ್ಟೀವ್ ಹೌ ಫೋಟೊ. ಆ ಆಲ್ಬಮ್ಮಿನಲ್ಲಿ ಅವನು ಒಂದು ಸ್ವರವನ್ನೂ ನುಡಿಸಿಲ್ಲ. ನಾನು ಹದಿನೈದು ವರ್ಷದಿಂದ ಈ ಕಥೆಯನ್ನು ತಮಾಷೆಯಾಗಿ ಹೇಳಿಕೊಂಡು ಓಡಾಡಿದ್ದೆ, ಆಮೇಲೆ ನಮ್ಮ ಡ್ರಮ್ಮರಿಗೆ ಅದನ್ನೇ ಮಾಡಿದೆ.

ಆದ್ದರಿಂದ ಮುಂದಿನ ತಿಂಗಳ ಬುಕಿಂಗ್ ರದ್ದು ಮಾಡಿ. ಮುಂಗಡ ಹೋದರೆ ಹೋಗಲಿ. ಹಾಡುಗಳನ್ನು ಹೊರಗೆ ತೆಗೆದುಕೊಂಡು ಹೋಗಿ, ಅರ್ಧಂಬರ್ಧ ಇದ್ದರೂ ಸರಿ, ಇಪ್ಪತ್ತು ಜನರೆದುರು ನುಡಿಸಿ. ಕನಿಷ್ಠ ಹತ್ತು ಸಲ. ಗಾಯಕರನ್ನು ಕೊನೆಗೆ ಕರೆಯಬೇಡಿ, ಡ್ರಮ್ಸ್ ರೆಕಾರ್ಡ್ ಆಗುವಾಗ ಅವರು ಪಕ್ಕದಲ್ಲಿ ನಿಂತು ಹಾಡಲಿ, ಆ ಹಾಡಿಕೆ ಕಸಕ್ಕೆ ಹೋದರೂ ಪರವಾಗಿಲ್ಲ. ಕ್ಲಿಕ್ ಬೇಡ ಅಂತ ನಾನು ಹೇಳ್ತಿಲ್ಲ, ಅದು ಬೇರೆ ಮೂರ್ಖತನ. ಮೊದಲು ಎಲ್ಲರೂ ಕ್ಲಿಕ್ ಇಲ್ಲದೆ ನುಡಿಸಿದ್ದನ್ನು ರೆಕಾರ್ಡ್ ಮಾಡಿ, ಅದರಿಂದ ಟೆಂಪೊ ಮ್ಯಾಪ್ ಎಳೆಯಿರಿ. ಎಲ್ಲಿ ಇಳಿಯುತ್ತೋ ಅಲ್ಲಿ ಕ್ಲಿಕ್ಕೂ ಇಳಿಯಲಿ. ಇನ್ನೊಂದು, ನಿಮ್ಮ ಪ್ರಶ್ನೆಯಲ್ಲಿ 'ನಾನೂ ಗಿಟಾರಿಸ್ಟೂ' ಅಂತ ನಾಲ್ಕು ಸಲ ಬಂದಿದೆ. ಡ್ರಮ್ಮರ್ ಏನಂದರು ಅಂತ ಒಂದು ಸಲವೂ ಇಲ್ಲ.

ಡ್ರಮ್ಮರ್ ಬಿಡುವ ಮುಂಚೆ ಆ ಸ್ವೀಟನ್ನು ಸ್ಟೇಜಿನ ಮೇಲೆ ನಾಲ್ಕು ಸಲ ನುಡಿಸಿದೆವು. ಎರಡನೇ ಸಲ ಕ್ಲಿಕ್ ಕೊಡುವ ಲ್ಯಾಪ್‌ಟಾಪ್ ಕೈಕೊಟ್ಟಿತು. ಅವನು ನನ್ನ ಕಡೆ ನೋಡಿ, ಕೋಲಿನಿಂದ ನಾಲ್ಕು ಎಣಿಸಿ ಶುರು ಮಾಡಿಯೇಬಿಟ್ಟ. ತನ್ನ ವೇಗದಲ್ಲಿ. ಐದನೇ ಭಾಗದಲ್ಲಿ ಗಾಯಕಿ ಉಸಿರು ತಗೊಂಡಿದ್ದು ಮೈಕಿನಲ್ಲಿ ಕೇಳಿಸಿತು. ಅವಳ ಸಾಲು ಮುಗಿದಾಗ ಇನ್ನು ನನ್ನ ಸೋಲೊ, ಆದರೆ ಅವನು ಆರನೇ ಭಾಗಕ್ಕೆ ನೇರ ಹೊರಳಿದ. ಮರೆತನೋ, ಬೇಕಂತಲೇ ಮಾಡಿದನೋ, ನಾನು ಕೇಳಿಲ್ಲ, ಅವನು ಹೇಳಿಲ್ಲ. ಕೈ ಎತ್ತಿಕೊಂಡು ಅವನ ಹಿಂದೆ ಹೋದೆ. ಮುಂದಿನ ಎರಡು ಸಲವೂ ಹಾಗೇ ನುಡಿಸಿದೆವು. ಪ್ರೇಕ್ಷಕರಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ರೆಕಾರ್ಡಿಂಗ್ ನನ್ನ ಹತ್ತಿರ ಇದೆ. 21 ನಿಮಿಷ 50 ಸೆಕೆಂಡ್ ಬರುತ್ತೆ. ಎಲ್‌ಪಿಯ ಒಂದು ಬದಿಗೆ ಆರಾಮಾಗಿ ಕೂರ್ತಿತ್ತು. ಸೋಲೊ ಎಲ್ಲಿ ಹೋಯ್ತು ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.