ಕೆಲಸ ಮಂಗಳೂರಲ್ಲಿ, ಮನೆ ತಲಪಾಡಿಯ ಯಾವ ಕಡೆ?

ಬಾಡಿಗೆಯಷ್ಟೇ ನೋಡಿದರೆ ಲೆಕ್ಕ ಸುಲಭ. ಕದ್ರಿ, ಬಿಜೈಗಿಂತ ತೊಕ್ಕೊಟ್ಟು ಅಗ್ಗ, ಅದಕ್ಕಿಂತ ಮಂಜೇಶ್ವರ, ಉಪ್ಪಳ ಅಗ್ಗ. ಆದರೆ ತಲಪಾಡಿ ದಾಟಿದರೆ ಕೇರಳ. ಸಂಬಳ ಮಂಗಳೂರಲ್ಲೇ ಬಂದರೂ ಖರ್ಚನ್ನು ತೀರ್ಮಾನಿಸುವುದು ನಿಮ್ಮ ವಿಳಾಸ.

ಮೊದಲು ಕರೆಂಟ್. ಕರ್ನಾಟಕದ ಕಡೆ ಮೆಸ್ಕಾಂ ಬಿಲ್ ತಿಂಗಳಿಗೊಮ್ಮೆ, ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಉಂಟು. ಆದರೆ 200 ಯೂನಿಟ್ ಎಂಬುದು ಗರಿಷ್ಠ ಮಿತಿ ಮಾತ್ರ. ಮನೆಯ ಹಳೆಯ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿದಷ್ಟೇ ಉಚಿತ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಮುಂಗಡ ಕೊಡುವ ಮೊದಲೇ ಆ ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಸಂಪರ್ಕದ ಸಂಖ್ಯೆ) ಹಿಂದಿನವರ ಆಧಾರ್ ಇನ್ನೂ ಜೋಡಣೆಯಾಗಿದೆಯೇ ಕೇಳಿ. ಅದನ್ನು ಬಿಡಿಸದೆ ನಿಮ್ಮದು ಸೇರುವುದಿಲ್ಲ. ಗಡಿಯಾಚೆ ಕೆಎಸ್‌ಇಬಿ ಬಿಲ್ ಎರಡು ತಿಂಗಳಿಗೊಮ್ಮೆ. ಎರಡು ತಿಂಗಳಿಗೆ 500 ಯೂನಿಟ್‌ವರೆಗೆ ಹಂತಹಂತದ ದರ. ಅದು ದಾಟಿದರೆ ಮೊದಲ ಯೂನಿಟ್‌ನಿಂದಲೇ ಒಂದೇ ಹೆಚ್ಚಿನ ದರ. ಏಪ್ರಿಲ್-ಮೇ ಸೆಕೆಗೆ ಎಸಿ ಹಾಕುವವರು ಇಲ್ಲೇ ಸಿಕ್ಕಿಬೀಳುವುದು. ತಿಂಗಳ ಮಧ್ಯೆ ಮೀಟರ್ ನೋಡುತ್ತಿರಿ.

ಓಡಾಟಕ್ಕೆ ರೈಲಿನಷ್ಟು ಅಗ್ಗ ಬೇರೊಂದಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ.; ಮಾಸಿಕ ಸೀಸನ್ ಟಿಕೆಟ್ ಮಾಡಿಸಿದರೆ ಬಸ್ಸಿನ ಖರ್ಚಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಸೂಪರ್‌ಫಾಸ್ಟ್ ಗಾಡಿಗೆ ಹೆಚ್ಚುವರಿ ಶುಲ್ಕ ಬೇರೆ. ಮಂಗಳೂರಲ್ಲಿ ಎರಡು ನಿಲ್ದಾಣ; ಗಾಡಿ ಸೆಂಟ್ರಲ್‌ಗೆ ಹೋಗುತ್ತದೋ ಜಂಕ್ಷನ್‌ಗೋ ನೋಡಿಕೊಳ್ಳಿ. ಜಂಕ್ಷನ್‌ನಲ್ಲಿ ಇಳಿದರೆ ಊರ ನಡುವಿನ ಹಂಪನಕಟ್ಟೆಗೆ ಕೊಡುವ ಆಟೋ ಬಾಡಿಗೆ ಉಳಿತಾಯವನ್ನೆಲ್ಲ ತಿನ್ನುತ್ತದೆ.

ಹೆಂಗಸರ ಉಚಿತ ಪ್ರಯಾಣವನ್ನು ನಂಬಿ ಮನೆ ಹುಡುಕಬೇಡಿ. ಶಕ್ತಿ ಯೋಜನೆ ಕರ್ನಾಟಕದ ವಿಳಾಸ ಇದ್ದವರಿಗೆ ಮಾತ್ರ, ಅದೂ ಸರಕಾರಿ ಬಸ್ಸಿನಲ್ಲಿ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿ, ಹಾಗಾಗಿ ತೊಕ್ಕೊಟ್ಟಿನಿಂದ ಬರುವವರೂ ಹೆಚ್ಚಾಗಿ ಟಿಕೆಟ್ ತೆಗೆದೇ ಬರುತ್ತಾರೆ.

ಮೀನಿನ ರೇಟು ಎರಡೂ ಕಡೆ ಮಳೆಗಾಲದಲ್ಲಿ ಏರುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ, ಕೇರಳದಲ್ಲಿ 52 ದಿನ ಟ್ರಾಲಿಂಗ್ ನಿಷೇಧ. ಆಗ ಸಾಮಾನ್ಯವಾಗಿ ಅಗ್ಗದ ಮೀನಾದ ಬೂತಾಯಿಯನ್ನೂ ರೇಟು ಕೇಳಿಯೇ ತೆಗೆದುಕೊಳ್ಳಬೇಕು. ಕೂಲಿ ಮಾತ್ರ ಕೇರಳದಲ್ಲಿ ಖಂಡಿತ ಹೆಚ್ಚು. ಕಾಯಿ ಕೀಳಿಸುವುದು, ಹಂಚು ಸರಿಮಾಡಿಸುವುದು ಇರುವ ಹಳೆ ಮನೆ ಹಿಡಿದರೆ ಅಗ್ಗದ ಬಾಡಿಗೆ ಅಲ್ಲಿಗೇ ಸರಿಹೋಗುತ್ತದೆ. ಅಂಥ ದುರಸ್ತಿ ಯಾರ ಖರ್ಚು ಎಂದು ಕರಾರಿನಲ್ಲೇ ಬರೆಸಿ.

ಪೆಟ್ರೋಲ್ ಕರ್ನಾಟಕದಲ್ಲಿ ಅಗ್ಗ; 2023ರ ಏಪ್ರಿಲ್‌ನಿಂದ ಕೇರಳದಲ್ಲಿ ಲೀಟರಿಗೆ 2 ರೂಪಾಯಿ ಸೆಸ್ ಕೂಡ ಸೇರಿದೆ. ಮಂಗಳೂರಿಗೆ ಹೇಗೂ ಬರುವವರು ಇಲ್ಲೇ ತುಂಬಿಸಿಕೊಳ್ಳುತ್ತಾರೆ, ಅದಕ್ಕೆಂದೇ ಬಂದರೆ ಗಿಟ್ಟುವುದಿಲ್ಲ. ಕೆಎ ನಂಬರಿನ ಗಾಡಿಯನ್ನು ಕೇರಳದಲ್ಲಿ 12 ತಿಂಗಳಿಗಿಂತ ಹೆಚ್ಚು ಇಡುವುದಾದರೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು ಅಲ್ಲಿ ಮರುನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕು. ಇಲ್ಲಿ ಕಟ್ಟಿದ ಜೀವಿತಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಅರ್ಜಿ ಹಾಕಿ ವಾಪಸ್ ಕೇಳಬಹುದು, ಆದರೆ ಹೊಸ ತೆರಿಗೆಯ ದುಡ್ಡು ಮೊದಲೇ ಕೈಯಲ್ಲಿರಬೇಕು.