‘ನಿಮ್ಮೂರು ನನ್ನ ಟೆರಿಟರಿ ಅಲ್ಲ’ ಅಂದ್ರೆ ಏನು?

ಅಣ್ಣಾರ, ಸಿರುಗುಪ್ಪದಾಗ ತಂದ ಹತ್ತಿ ಬೀಜ ಸಿಂಧನೂರಿನ ನಿಮ್ಮ ಹೊಲದಾಗ ಸರಿಯಾಗಿ ಹುಟ್ಟಿಲ್ಲ, ಫೋನ್ ಮಾಡಿದರೆ ಕಂಪನಿ ಹುಡುಗ ‘ನಿಮ್ಮೂರು ನನ್ನ ಟೆರಿಟರಿ ಅಲ್ಲ’ ಅಂದ ಅಂತ ಬರೆದೀರಿ. ಮಗಳ ಪಾಠದಾಗಿನ ‘ಯೂನಿಯನ್ ಟೆರಿಟರಿ’ಯೂ ಇದೂ ಒಂದೇನಾ ಅಂತಲೂ ಕೇಳೀರಿ.

ಮೊದಲು ಹೊಲದ ಮಾತು. ಕಂಪನಿಯವರು ಮಾರಾಟದ ಹುಡುಗರಿಗೆ ತಾಲ್ಲೂಕು ಹಂಚಿಕೊಟ್ಟಿರ್ತಾರ, ಯಾವ ಊರಿನ ಮಾರಾಟ ಯಾರ ಟಾರ್ಗೆಟ್‌ಗೆ ಅಂತ. ಅದಕ್ಕೆ ಟೆರಿಟರಿ ಅಂತಾರ. ಅದು ಅವರೊಳಗಿನ ಪಾಲು, ನಿಮ್ಮನ್ನು ಕಟ್ಟಿಹಾಕೋ ಕಾನೂನಲ್ಲ. ಬಿಲ್, ಖಾಲಿ ಪ್ಯಾಕೆಟ್, ಟ್ಯಾಗ್ ಎತ್ತಿಡಿ. ಖಾಲಿ ಬಿದ್ದ ಸಾಲು ಕಾಣೋ ಹಂಗ ಫೋಟೊ ತೆಗೀರಿ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕ ಅರ್ಜಿ ಬರೆದುಕೊಟ್ಟು ಸ್ವೀಕೃತಿ ತಗೊಳ್ರಿ. ಕೃಷಿ ಅಧಿಕಾರಿ ಬಂದು ನೋಡೋತನಕ ಹೊಲ ಹರಗಬ್ಯಾಡ್ರಿ. ನಾನು ಒಮ್ಮೆ ಹಸಿ ಆರಿ ಹೋಗುತ್ತ ಅಂತ ಅವಸರಕ್ಕ ಹರಗಿ ಮತ್ತೆ ಬಿತ್ತಿದೆ. ಆಮ್ಯಾಲೆ ತೋರಿಸಾಕ ಒಂದು ಗಿಡಾನೂ ಉಳಿದಿರಲಿಲ್ಲ.

ಇನ್ನು ಪದ. ಲ್ಯಾಟಿನ್ನಿನ ‘ಟೆರ್ರಾ’, ಅಂದ್ರೆ ನೆಲ, ಅದರ ಬೇರು. ಆದ್ರೆ ಬರೀ ನೆಲಕ್ಕ ಟೆರಿಟರಿ ಅನ್ನಲ್ಲ, ‘ಇದು ನನ್ನದು’ ಅಂತ ಹಿಡಿದವರು ಇದ್ದಾಗ ಮಾತ್ರ. ಗೂಡು ಕಟ್ಟಿದ ಕಾಜಾಣ ನೋಡ್ರಿ: ಮುಷ್ಟಿಯಷ್ಟು ಹಕ್ಕಿ, ಕಾಗೆ ಬಂದರೂ ಗರುಡ ಬಂದರೂ ಮೇಲಿಂದ ಎರಗಿ ಆ ಗಿಡದ ಸುತ್ತಲಿಂದ ಓಡಿಸುತ್ತ. ಆ ಸುತ್ತಳತೆ ಅದರ ಟೆರಿಟರಿ.

ಅದಕ್ಕ ಕನ್ನಡದಾಗ ಒಂದೇ ಪದ ಸಾಲೋದಿಲ್ಲ, ಹಿಡಿದವರು ಯಾರು ಅಂತ ನೋಡಿ ಆರಿಸಬೇಕು. ಅಧಿಕಾರಿಗೆ ವ್ಯಾಪ್ತಿ, ಪೊಲೀಸ್ ಠಾಣೆಗೆ ಸರಹದ್ದು. ಹೊಲಕ್ಕಾದರ ಹದ್ದು, ಅದಕ್ಕೇ ಸರ್ವೇಯರ್ ಬಂದು ಬಾಂದುಕಲ್ಲು ತೋರಿಸೋದಕ್ಕ ಹದ್ದುಬಸ್ತು ಅಂತೀವಿ. ಮಗಳ ಪಾಠದ್ದು ಕೇಂದ್ರಾಡಳಿತ ಪ್ರದೇಶ. ದಿಲ್ಲಿ, ಲಡಾಖ್, ಪುದುಚೇರಿ ಸೇರಿ ಈಗ 8 ಅದಾವ. ಇಡೀ ದೇಶದ ನೆಲದ ಮಾತಾದರ ರಾಜ್ಯಕ್ಷೇತ್ರ, ಸಂವಿಧಾನದ 1ನೇ ಅನುಚ್ಛೇದದಾಗ ಬರುತ್ತ.

ಮಗಳಿಗೆ ನಮ್ಮ ಹೊಳೆಯನ್ನೇ ತೋರಿಸಿ ಹೇಳ್ರಿ. 1800ರಾಗ ನಿಜಾಮ ಬಳ್ಳಾರಿ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹಿಂಗ ಕೊಟ್ಟ ಸೀಮೆಗೇ ದತ್ತ ಮಂಡಲ ಅಂತ ಹೆಸರು ಬಂತು. ಆಮೇಲೆ 1948ರ ತನಕ ತುಂಗಭದ್ರೆಯ ಈ ದಂಡೆ ಸಿರುಗುಪ್ಪ ಮದ್ರಾಸಿನದು, ಆ ದಂಡೆ ಸಿಂಧನೂರು ನಿಜಾಮನದು. ಎರಡೂ ದಂಡೆ ಒಂದೇ ಕನ್ನಡ ರಾಜ್ಯದೊಳಗೆ ಬಂದಿದ್ದು 1956ರ ನವೆಂಬರ್ 1ಕ್ಕ. ಅದೇ ಹೊಳೆಯನ್ನ ಆ ಹುಡುಗ ಇವತ್ತು ಗಡಿ ಮಾಡಿಕೊಂಡಾನ.

ಪ್ಯಾಕೆಟ್ ಮೇಲಿನ ಲಾಟ್ ನಂಬರ್ ಫೋಟೊ ಇಲ್ಲಿ ಹಾಕ್ರಿ. ಅದೇ ಲಾಟ್ ಬಿತ್ತಿದವರು ಈ ಗುಂಪಿನಾಗ ಇದ್ದರೆ ಅರ್ಜಿ ಕೂಡಿಯೇ ಕೊಡೋಣ.