ಗೀಜರ್ ಕುದಿಯುತ್ತಿದೆ, ಕಟೌಟ್ ತೆಗೆಸಬಹುದಾ?

ಪ್ರಶ್ನೆ: ನಮ್ಮ ಮನೆ ವಿಜಯಪುರದ ಜಲನಗರದಲ್ಲಿದೆ. 25 ಲೀಟರ್ ಗೀಜರ್, ತಂದು ಆರು ವರ್ಷವಾಯಿತು. ಬೋರ್ ನೀರನ್ನೇ ಬಿಡುತ್ತೇವೆ. ಎರಡು ವಾರದಿಂದ ಒಳಗೆ ಕಟಕಟ ಸದ್ದು. ನಳ ತಿರುಗಿಸಿದರೆ ಮೊದಲು ಹಬೆ, ಆಮೇಲೆ ಕುದಿಯೋ ನೀರು. ಒಮ್ಮೊಮ್ಮೆ ತಾನೇ ಬಂದ್ ಆಗುತ್ತದೆ. ರಿಪೇರಿಯವರು ಮೂರು ಸಲ ಬಂದು ಕೆಳಗಿನ ಸಣ್ಣ ಬಟನ್ ಒತ್ತಿ ಹೋದರು. ಈಗ ‘ಕಟೌಟ್ ತೆಗೆದು ಡೈರೆಕ್ಟ್ ಮಾಡೋಣ, ಕಿರಿಕಿರಿ ಇರಲ್ಲ’ ಎನ್ನುತ್ತಿದ್ದಾರೆ. ಮನೆಯಲ್ಲಿ ವಯಸ್ಸಾದ ಅತ್ತೆ, ನಾಲ್ಕು ವರ್ಷದ ಮಗಳು ಇದ್ದಾರೆ. ಮಾಡಿಸಬಹುದಾ?
— ಓದುಗರೊಬ್ಬರು, ವಿಜಯಪುರ

ಉತ್ತರ: ಬೇಡ ಅಕ್ಕಾವ್ರೆ. ದಯವಿಟ್ಟು ಬೇಡ. ಇದನ್ನು ಓದಿದ ಕೂಡಲೇ ಗೀಜರಿನ ಎಂಸಿಬಿ ಕೆಳಗಿಳಿಸಿ, ಟ್ಯಾಂಕ್ ಆರಲು ಬಿಡಿ. ಅಲ್ಲಿಯವರೆಗೆ ಬಿಸಿನೀರಿನ ನಳ ಮುಟ್ಟಬೇಡಿ. ನಾಲ್ಕು ದಿನ ಒಲೆ ಮೇಲೆ ನೀರು ಕಾಯಿಸಿಕೊಂಡರೂ ನಡೆಯುತ್ತದೆ.

ಕಟೌಟ್ (ಅವರು ಒತ್ತಿ ಹೋದ ಸಣ್ಣ ಬಟನ್ ಇರೋ ಸ್ವಿಚ್) ಪದೇಪದೇ ಬೀಳುತ್ತಿದೆ ಅಂದರೆ ಅದು ಕೆಟ್ಟಿದೆ ಅಂತಲ್ಲ. ನಿಮ್ಮ ಮನೆಯಲ್ಲಿ ಸದ್ಯ ಸರಿಯಾಗಿ ಕೆಲಸ ಮಾಡುತ್ತಿರುವುದು ಅದೊಂದೇ. ನೀರು ಬೇಕಾದಷ್ಟು ಕಾದ ಮೇಲೆ ಕರೆಂಟ್ ನಿಲ್ಲಿಸುವುದು ಥರ್ಮೋಸ್ಟಾಟ್ ಕೆಲಸ. ಅದು ಕೈಕೊಟ್ಟಾಗ ಕಟೌಟ್ ಕರೆಂಟ್ ಕಡಿಯುತ್ತದೆ. ಅದನ್ನೂ ತೆಗೆದರೆ ಟ್ಯಾಂಕಿನ ಒಳಗೆ ನೀರು 100 ಡಿಗ್ರಿ ದಾಟುತ್ತದೆ. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1,600 ಲೀಟರ್ ಜಾಗ ಕೇಳುತ್ತದೆ. ಟ್ಯಾಂಕ್ ಒಡೆಯುವುದು ಹೀಗೇ.

ಆಗ ಉಳಿಯುವುದು ತಣ್ಣೀರು ಒಳಗೆ ಬರೋ ಪೈಪಿನ ಹತ್ತಿರ ಇರೋ, ಒತ್ತಡ ಹೊರಬಿಡೋ ಸೇಫ್ಟಿ ವಾಲ್ವ್ ಮಾತ್ರ. ನೀರು ಕಾಯುವಾಗ ಅದರಿಂದ ನಾಲ್ಕು ಹನಿ ಬಿದ್ದರೆ ಗಾಬರಿ ಬೇಡ. ಸೋಲಾಪುರ ರಸ್ತೆ ಕಡೆ ಒಂದು ಮನೆಗೆ ಹೋಗಿದ್ದೆ. ಹನಿ ಬೀಳುತ್ತದೆ ಅಂತ ಆ ವಾಲ್ವಿನ ಬಾಯಿಗೆ ಎಂ-ಸೀಲ್ ಮೆತ್ತಿದ್ದರು. ಅದರ ಕೆಳಗೇ ಮಗುವನ್ನು ಸ್ನಾನಕ್ಕೆ ಕೂರಿಸೋ ಮಣೆ. ಎಂ-ಸೀಲ್ ಕೆರೆದು ತೆಗೆಯುವಾಗ ನನ್ನ ಕೈ ನಡುಗುತ್ತಿತ್ತು. ನಿಮ್ಮ ವಾಲ್ವಿನ ಬಾಯಿ ತೆರೆದಿದೆಯಾ, ಇವತ್ತೇ ನೋಡಿ.

ಇನ್ನು ಮೂಲ ಕಾರಣ. ಕಟಕಟ ಅನ್ನೋದು ಸುಣ್ಣ. ಬೋರಿನ ಸವಳು ನೀರಲ್ಲಿ ಕ್ಯಾಲ್ಸಿಯಂ ಕರಗಿರುತ್ತದೆ. ಕಾಯಿಸಿದಾಗ ಅದು ಸುಣ್ಣದ ಪದರವಾಗಿ ನೀರು ಕಾಯಿಸೋ ಕಾಯಿಲಿಗೆ ಅಂಟುತ್ತದೆ. ನಮ್ಮೂರಲ್ಲಿ ನಾನು ಬಿಚ್ಚಿದ ಎಷ್ಟೋ ಕಾಯಿಲುಗಳು ಬೆರಳಿನಷ್ಟು ದಪ್ಪ, ಬಿಳಿ, ಒರಟು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಮೊಟ್ಟೆಯ ಸಿಪ್ಪೆ ಹಾಗೆ ಉದುರುತ್ತದೆ. ಈ ಪದರದಿಂದ ಕಾಯಿಲಿನ ಬಿಸಿ ನೀರಿಗೆ ಸರಿಯಾಗಿ ಹೋಗುವುದಿಲ್ಲ. ಪದರದ ಅಡಿಯಲ್ಲಿ ಸಿಕ್ಕ ನೀರು ಅಲ್ಲೇ ಹಬೆಯಾಗಿ ಸಿಡಿಯುತ್ತದೆ. ನಿಮಗೆ ಕೇಳಿಸುವುದು ಅದೇ ಸದ್ದು. ಥರ್ಮೋಸ್ಟಾಟ್ ಇರೋ ಕೊಳವೆಗೂ ಸುಣ್ಣ ಮೆತ್ತಿಕೊಂಡರೆ ನೀರು ಕಾದಿದ್ದು ಅದಕ್ಕೆ ತಡವಾಗಿ ಗೊತ್ತಾಗುತ್ತದೆ. ಆದರೆ ನಳದಲ್ಲಿ ಹಬೆಯೇ ಬರುತ್ತಿದೆ ಅಂದ ಮೇಲೆ, ಥರ್ಮೋಸ್ಟಾಟಿನಲ್ಲಿ ಕರೆಂಟ್ ಕಡಿಯೋ ಪಾಯಿಂಟ್ ಸುಟ್ಟು ಅಂಟಿಕೊಂಡಿದೆ ಅಂತಲೇ ನನ್ನ ಅನುಮಾನ.

ಮೆಕ್ಯಾನಿಕ್‌ಗೆ ಹೀಗೆ ಹೇಳಿ: ‘ಕರೆಂಟ್ ತೆಗೆದು, ಟ್ಯಾಂಕ್ ಖಾಲಿ ಮಾಡಿ, ಕೆಳಗಿನ ಪ್ಲೇಟ್ ಬಿಚ್ಚಿ ಕಾಯಿಲ್ ನನಗೆ ತೋರಿಸಿ.’ ಕಾಯಿಲ್ ಚೆನ್ನಾಗಿದ್ದರೆ ಸಿಟ್ರಿಕ್ ಆ್ಯಸಿಡ್ ಪುಡಿ ಕಲಸಿದ ನೀರಲ್ಲಿ ನೆನೆಸಿದರೆ ಸುಣ್ಣ ಬಿಡುತ್ತದೆ. ಪಾಯಿಖಾನೆ ತೊಳೆಯೋ ಆ್ಯಸಿಡ್ ಹಾಕಲು ಬಿಡಬೇಡಿ, ಲೋಹ ತಿಂದುಹಾಕುತ್ತದೆ. ಥರ್ಮೋಸ್ಟಾಟ್ ಮಾತ್ರ ಹೊಸದೇ ಹಾಕಿಸಿ. ಪ್ಲೇಟಿನಿಂದ ನೀರು ಸೋರದಂತೆ ತಡೆಯೋ ಗ್ಯಾಸ್ಕೆಟ್ ಕೂಡ. ಪಕ್ಕದಲ್ಲೇ ಮೆಗ್ನೀಸಿಯಂ ರಾಡ್ ಇರುತ್ತದೆ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯೋದೇ ಅದರ ಕೆಲಸ. ಆರು ವರ್ಷದಲ್ಲಿ ಒಮ್ಮೆಯೂ ಬದಲಿಸಿಲ್ಲ ಅಂದರೆ ಬರೀ ತಂತಿ ಉಳಿದಿರಬಹುದು. ಪ್ಲಗ್ 16 ಆಂಪಿಯರಿನದೇ ಇರಲಿ, ಅರ್ಥಿಂಗ್ ಕೂಡ ನೋಡಿಸಿ.

ಜೋಡಿಸಿದ ಮೇಲೆ ಬಿಸಿನೀರಿನ ನಳದಲ್ಲಿ ಧಾರೆ ಬಂದ ನಂತರವೇ ಸ್ವಿಚ್ ಹಾಕಿ. ಖಾಲಿ ಟ್ಯಾಂಕಲ್ಲಿ ಕಾಯಿಲ್ ಸುಟ್ಟೇ ಹೋಗುತ್ತದೆ. 60 ಡಿಗ್ರಿಗೆ ಇಟ್ಟು ಗಡಿಯಾರ ನೋಡಿ. 2,000 ವ್ಯಾಟ್ ಕಾಯಿಲ್ ಇದ್ದರೆ, ಚಳಿಗಾಲದ 20 ಡಿಗ್ರಿ ನೀರು ಅಷ್ಟು ಕಾಯಲು ಸುಮಾರು 35 ನಿಮಿಷ ಬೇಕು. 45 ನಿಮಿಷವಾದರೂ ಕೆಂಪು ದೀಪ ಆರಲಿಲ್ಲ ಅಂದರೆ ನೀವೇ ಆಫ್ ಮಾಡಿ ಅವರನ್ನೇ ಮತ್ತೆ ಕರೆಸಿ. ಹತ್ತೇ ನಿಮಿಷಕ್ಕೆ ದೀಪ ಆರಿ ನೀರು ಉಗುರುಬೆಚ್ಚಗೆ ಇದ್ದರೂ ಅವರನ್ನೇ ಕರೆಸಿ ನೋಡಿಸಿ.

ಕಾರ್ಪೊರೇಷನ್ ನಳದ ನೀರು ಬರುತ್ತದಾ? ಹಾಗಿದ್ದರೆ ಗೀಜರಿಗೆ ಅದನ್ನೇ ಬಿಡಿ, ಬೋರ್ ನೀರನ್ನು ಬಟ್ಟೆ-ಪಾತ್ರೆಗೆ ಇಟ್ಟುಕೊಳ್ಳಿ. ಬೋರೊಂದೇ ಗತಿ ಅಂದರೆ ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ, ಕಾಯಿಲ್ ಬಿಚ್ಚಿಸಿ. ಮತ್ತೆ ಒಂದು ಮಾತು. 60 ಡಿಗ್ರಿ ನೀರು ಐದು ಸೆಕೆಂಡಲ್ಲಿ ಮೈ ಸುಡುತ್ತದೆ, ಮಕ್ಕಳ ಚರ್ಮಕ್ಕೆ ಅಷ್ಟೂ ಬೇಡ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಅತ್ತೆಯವರಿಗೂ ಹೇಳಿಡಿ.